ಸೊರಗುವ ಪೊದೆಗಿಡಕ್ಕೆ ಗೊಬ್ಬರಕ್ಕಿಂತ ಮೊದಲು ಬುಡ ನೋಡಿ: ಆಳ ನಾಟಿ, ಅತಿ ಮಲ್ಚಿಂಗ್ ಬಗ್ಗೆ ಚರ್ಚೆ

ಬುಡನೋಡು

"ನೆಟ್ಟು ಎರಡು ವರ್ಷ ಚೆನ್ನಾಗಿತ್ತು, ಈಗ ಎಲೆ ಸಣ್ಣದಾಗ್ತಿದೆ, ರೆಂಬೆ ತುದಿ ಒಣಗ್ತಿದೆ, ಯಾವ ಗೊಬ್ಬರ ಕೊಡಲಿ?" ದಾಸವಾಳ, ಇಕ್ಸೋರಾ, ನಂದಿಬಟ್ಟಲು, ಗುಲಾಬಿ, ಯಾವ ಗಿಡದ ಬಗ್ಗೆ ಈ ಪ್ರಶ್ನೆ ಬಂದರೂ ಉತ್ತರಗಳೆಲ್ಲ ಗೊಬ್ಬರ, ಔಷಧಿ ಕಡೆಗೇ ಓಡುತ್ತವೆ. ಬುಡ ಎಲ್ಲಿದೆ ಅಂತ ಕೇಳುವವರು ಕಡಿಮೆ. ಅದಕ್ಕೇ ಈ ಚರ್ಚೆ. (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕಾಂಡ ನೆಲ ಮುಟ್ಟುವಲ್ಲಿ ಸ್ವಲ್ಪ ಅಗಲವಾಗಿ ಬೇರುಗಳಾಗಿ ಒಡೆಯುತ್ತದೆ. ರೂಟ್ ಫ್ಲೇರ್ ಅನ್ನುವುದು ಇದಕ್ಕೇ. ನಾವು ಬುಡದ ಉಬ್ಬು ಅನ್ನೋಣ. ಉಬ್ಬಿನ ಮೇಲಿನ ತೊಗಟೆ ಗಾಳಿಗೆ ಒಗ್ಗಿದ್ದು. ಅದರಲ್ಲಿರುವ ಸಣ್ಣ ರಂಧ್ರಗಳ ಮೂಲಕ ಒಳಗಿನ ಜೀವಕೋಶಗಳು ಉಸಿರಾಡುತ್ತವೆ. ಆ ತೊಗಟೆಯನ್ನು ಮಣ್ಣಲ್ಲಿ ಹೂತರೆ ಅದು ಬೇರಾಗಿ ಬದಲಾಗುವುದಿಲ್ಲ, ಸದಾ ಒದ್ದೆಯಾಗಿ ಮೆತ್ತಗಾಗುತ್ತದೆ, ಬಿರಿಯುತ್ತದೆ. ಫೈಟಾಫ್ತೊರಾದಂಥ ಬುಡಕೊಳೆ ರೋಗಾಣು ಕಾಯುತ್ತಿರುವುದು ಇದಕ್ಕೇ. ಅದರ ಬೀಜಕಣಗಳು ನೀರಿನ ತೆಳು ಪದರ ಸಿಕ್ಕರೂ ಈಜಿಕೊಂಡು ಬರುತ್ತವೆ.

ಬೇರಿನ ಕಥೆ ಬೇರೆ. ನೀರು, ಪೋಷಕಾಂಶ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 15ರಿಂದ 30 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ, ಏಕೆಂದರೆ ಗಾಳಿ ಇರುವುದು ಅಲ್ಲೇ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದರ ಸುಮಾರು 10,000ದ ಒಂದು ಪಾಲಿಗೆ ಇಳಿಯುತ್ತದೆ. ಇರಬೇಕಾದ ಮಟ್ಟಕ್ಕಿಂತ ಹತ್ತು ಸೆಂ.ಮೀ. ಕೆಳಗೆ ಹೋದ ಬೇರಿನ ಉಂಡೆ (ಬೇರು ಹಿಡಿದಿರುವ ಮಣ್ಣಿನ ಗಡ್ಡೆ) ಮಳೆಗಾಲದಲ್ಲಿ ಉಸಿರುಕಟ್ಟುವುದು ಹೀಗೆ. ಉಸಿರಿಲ್ಲದ ಬೇರು ನೀರು ಎಳೆಯಲಾರದು. ಮಣ್ಣು ಒದ್ದೆ ಇದ್ದರೂ ಎಲೆ ಮಧ್ಯಾಹ್ನ ಜೋತು ಬೀಳುತ್ತದೆ. ನೋಡಿದವರು ಬಾಯಾರಿದೆ ಅಂತ ಇನ್ನೊಂದು ಕೊಡ ನೀರು ಸುರಿಯುತ್ತಾರೆ. ಗಿಡ ಹೋಗುವುದು ಬಹಳ ಸಲ ಆ ಕೊಡದಿಂದಲೇ.

ಪರೀಕ್ಷೆ ಹೀಗೆ. ಕಾಂಡ ಮಣ್ಣಿಗೆ ಹೋಗುವ ಜಾಗವನ್ನು ನೋಡಿ. ಅಲ್ಲಿ ಅಗಲವಾಗದೆ ವಿದ್ಯುತ್ ಕಂಬದ ಹಾಗೆ ನೇರವಾಗಿ ಇಳಿದಿದ್ದರೆ ಬುಡ ಹೂತಿದೆ ಎಂದೇ ತಿಳಿಯಿರಿ. ಕಾಂಡದಿಂದ ಎರಡು ಬೆರಳು ದೂರದಲ್ಲಿ ಸೈಕಲ್ ಸ್ಪೋಕ್‌ನಂಥ ಸಣ್ಣ ಕಂಬಿಯನ್ನು ಮೆಲ್ಲಗೆ ಇಳಿಸಿ, ಸುತ್ತ ನಾಲ್ಕು ಕಡೆ. ಮೊದಲ ಗಟ್ಟಿ ಬೇರು 2–3 ಸೆಂ.ಮೀ. ಒಳಗೆ ತಾಗಿದರೆ ಚಿಂತೆ ಇಲ್ಲ. 7–8 ಸೆಂ.ಮೀ. ಹೋದರೂ ಏನೂ ತಾಗದಿದ್ದರೆ ಅಗೆದು ನೋಡಲೇಬೇಕು.

ಕೆಂಪುಗೋಡು

ತಪ್ಪು ಶುರುವಾಗುವುದು ನಮ್ಮ ಗುಂಡಿಯಲ್ಲಲ್ಲ, ನರ್ಸರಿಯ ಚೀಲದಲ್ಲಿ. ಸಣ್ಣ ಪಾಲಿಥಿನ್ ಚೀಲದ ಗಿಡವನ್ನು ದೊಡ್ಡದಕ್ಕೆ ಬದಲಿಸುವಾಗ ಗಿಡ ಅಲ್ಲಾಡದೆ ನಿಲ್ಲಲಿ ಅಂತ ಮೇಲೆ ಒಂದು ಹಿಡಿ ಮಣ್ಣು ಬೀಳುತ್ತದೆ. ಎರಡು ಸಲ ಚೀಲ ಬದಲಾದರೆ ಬುಡ 5–6 ಸೆಂ.ಮೀ. ಒಳಗೆ. "ಚೀಲದ ಮಣ್ಣಿನ ಮಟ್ಟಕ್ಕೆ ನೆಡಿ" ಅನ್ನುವ ಸಲಹೆಯನ್ನು ಕಣ್ಣು ಮುಚ್ಚಿ ಪಾಲಿಸಿದರೆ ಆ ತಪ್ಪನ್ನೂ ಸೇರಿಸಿ ನೆಟ್ಟ ಹಾಗೆ. ಚೀಲ ಹರಿದ ಮೇಲೆ ಮೇಲ್ಮಣ್ಣನ್ನು ಬೆರಳಲ್ಲಿ ಕೆರೆದು ಮೊದಲ ದಪ್ಪ ಬೇರು ಹುಡುಕಿ, ಅಳತೆ ಅಲ್ಲಿಂದ ಹಿಡಿಯಿರಿ.

ಚೀಲವನ್ನು ಪೂರ್ತಿ ತೆಗೆಯಬೇಕು. ಬದಿ ಸೀಳಿ, ತಳ ಹಾಗೇ ಬಿಟ್ಟು ನೆಡುವುದು ಬೇಡ. ಉಂಡೆಯ ಹೊರಗೆ ಬೇರು ಬಳೆಯಂತೆ ಸುತ್ತಿದ್ದರೆ ಚೂಪಾದ ಚಾಕುವಿನಿಂದ ಮೇಲಿಂದ ಕೆಳಕ್ಕೆ ಮೂರ್ನಾಲ್ಕು ಕಡೆ 2 ಸೆಂ.ಮೀ. ಆಳಕ್ಕೆ ಗೀರಿ. ಹಾಗೇ ಬಿಟ್ಟರೆ ಆ ಬಳೆಯೇ ದಪ್ಪವಾಗಿ ಕಾಂಡದ ಕತ್ತು ಹಿಸುಕುತ್ತದೆ.

ಹೂಬೇಲಿ

ಒಂದು ಅನುಮಾನ. ದಾಸವಾಳ, ಕ್ರೋಟನ್, ಬೋಗನ್‌ವಿಲ್ಲಾ ಎಲ್ಲ ಕಡ್ಡಿಯಿಂದ ಬೆಳೆಸಿದ ಗಿಡಗಳು. ಬೀಜದ ಗಿಡದ ಹಾಗೆ ಅವಕ್ಕೆ ಬುಡದ ಉಬ್ಬು ಕಾಣುವುದೇ ಇಲ್ಲ. ಆಗ ಯಾವುದನ್ನು ಗುರುತಾಗಿ ಇಟ್ಟುಕೊಳ್ಳಬೇಕು? ಕಾಂಡದಲ್ಲೇ ಬೇರು ಬಿಡುವ ಗಿಡಕ್ಕೆ ಆಳ ನೆಟ್ಟರೆ ತೊಂದರೆ ಏನು?

ಬುಡನೋಡು

ಕಡ್ಡಿಗಿಡದಲ್ಲಿ ಉಬ್ಬು ಹುಡುಕಬೇಡಿ. ಪೆನ್ಸಿಲ್ ದಪ್ಪದ ಅತಿ ಮೇಲಿನ ಬೇರೇ ಗುರುತು. ಅದರ ಮೇಲೆ ಮಣ್ಣು 2 ಸೆಂ.ಮೀ. ಮೀರಬಾರದು.

ಕಾಂಡದಲ್ಲಿ ಬೇರು ಬಿಡುವ ಗಿಡಗಳು ತಪ್ಪನ್ನು ಹೆಚ್ಚು ದಿನ ತಡೆದುಕೊಳ್ಳುತ್ತವೆ, ಅದು ನಿಜ. ಮಲ್ಲಿಗೆಯ ಬಳ್ಳಿಯನ್ನು ಮಣ್ಣಿಗೆ ಬಾಗಿಸಿ ಹೂತರೆ ಬೇರು ಬರುತ್ತದೆ, ಲೇಯರಿಂಗ್ ಮಾಡುವುದೇ ಹಾಗೆ. ಆದರೆ ಬೇರು ಬರುವುದು ಎಳೆಯ ಕಾಂಡದಲ್ಲಿ, ಗಾಳಿಯಾಡುವ ಸಡಿಲ ಮಣ್ಣಿನಲ್ಲಿ. ಬಲಿತ ಕಾಂಡವನ್ನು ಜಿಗುಟು ಮಣ್ಣಿನಲ್ಲಿ ಹೂತರೆ ಬೇರಿಗಿಂತ ಮೊದಲು ಕೊಳೆ ಬರುತ್ತದೆ. ಇಕ್ಸೋರಾ, ಕಾಮಿನಿ, ನಿಂಬೆ ಜಾತಿಗಳಲ್ಲಿ ಇದರ ಮೇಲೆ ಭರವಸೆ ಇಡಲೇಬೇಡಿ.

ಎರೆಹೊಲ

ಕಪ್ಪು ಮಣ್ಣಿನವರು ಒಂದು ಮಾತು ಸೇರಿಸಿಕೊಳ್ಳಬೇಕು. ಎರೆಮಣ್ಣಿನಲ್ಲಿ ಗುಂಡಿ ತೆಗೆದರೆ ಅದು ಮಡಕೆ. ಒಳಗೆ ಸಡಿಲ ಮಣ್ಣು, ಸುತ್ತ ನೀರು ಬಿಡದ ಗೋಡೆ. ಸುತ್ತಲಿನ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ. ಒದ್ದೆ ಇದ್ದಾಗ ಅಗೆದರೆ ಹಾರೆ, ಗುದ್ದಲಿ ತಾಗಿದ ಗೋಡೆ ಗಾಜಿನ ಹಾಗೆ ನುಣುಪಾಗುತ್ತದೆ. ಬೇರು ಅದನ್ನು ತೂರಲಾರದೆ ಒಳಗೇ ಸುತ್ತುತ್ತದೆ. ಅಗೆದ ಮೇಲೆ ಗೋಡೆಗಳನ್ನು ಹಾರೆಯ ಮೊನೆಯಿಂದ ಕೆದಕಿ ಒರಟು ಮಾಡಬೇಕು.

ನೆಡುವ ಮೊದಲು ಪರೀಕ್ಷೆ: 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಕಡ್ಡಿಯಲ್ಲಿ ಅಳೆಯಿರಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ಗುಂಡಿಯ ಮಾತೇ ಬೇಡ. 20–30 ಸೆಂ.ಮೀ. ಎತ್ತರದ ಅಗಲ ಏರಿ ಮಾಡಿ ಅದರ ಮೇಲೆ ನೆಡಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಸಣ್ಣ ಕಣದ ಮಣ್ಣಿನಿಂದ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ನೀರು ಜಿನುಗುವವರೆಗೆ ಅಲ್ಲೇ ತೂಗಿ ನಿಲ್ಲುತ್ತದೆ, ಅಂದರೆ ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬಂದಂತೆ.

ಕೆಂಪುಗೋಡು

ಗುಂಡಿಯ ಅಳತೆಯಲ್ಲೇ ಇನ್ನೊಂದು ತೊಂದರೆ ಇದೆ. ಹಣ್ಣಿನ ಗಿಡಗಳಿಗೆ ಹೇಳುವ 60×60×60 ಸೆಂ.ಮೀ. ಗುಂಡಿಯನ್ನು ಹೂಗಿಡಕ್ಕೂ ತೆಗೆದು, ತಳಕ್ಕೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಮೇಲೆ ಸಡಿಲ ಮಣ್ಣು, ಅದರ ಮೇಲೆ ಗಿಡ. ನೆಟ್ಟ ದಿನ ಮಟ್ಟ ಸರಿಯಾಗೇ ಇರುತ್ತದೆ. ಮೊದಲ ಮಳೆಗೆ ಮಣ್ಣು ಕುಸಿಯುತ್ತದೆ, ಗೊಬ್ಬರ ಕರಗುತ್ತಾ ಹೋದಂತೆ ಇನ್ನಷ್ಟು. ಗಿಡ ತಾನಾಗಿ ಕೆಳಗಿಳಿಯುತ್ತದೆ. ತಗ್ಗು ಕಂಡವರು ಮೇಲೆ ಮಣ್ಣು ಸುರಿದು ಸಮ ಮಾಡುತ್ತಾರೆ, ಅಲ್ಲಿಗೆ ಬುಡ ಹೂತಿತು.

ಪೊದೆಗಿಡಕ್ಕೆ ಸರಿಯಾದ ಕ್ರಮ:

ಬುಡದ ಗುರುತಿನಿಂದ ಉಂಡೆಯ ತಳದವರೆಗೆ ಅಳೆಯಿರಿ. 25 ಸೆಂ.ಮೀ. ಬಂತು ಅಂದುಕೊಳ್ಳಿ. ಕೆಂಪು ಮಣ್ಣಿನಲ್ಲಿ ಗುಂಡಿ 22 ಸೆಂ.ಮೀ. ಆಳ ಸಾಕು, ಜಿಗುಟು ಮಣ್ಣಾದರೆ 18–20. ಅಗಲ ಮಾತ್ರ ಉಂಡೆಯ ಎರಡರಿಂದ ಮೂರು ಪಟ್ಟು ಇರಲಿ. ತಳದ ಮಣ್ಣನ್ನು ಕದಡಬೇಡಿ, ಉಂಡೆ ಗಟ್ಟಿ ನೆಲದ ಮೇಲೆ ಕೂರಬೇಕು. ಗುಂಡಿಯ ಮೇಲೆ ಅಡ್ಡ ಒಂದು ನೇರ ಕೋಲು ಇಟ್ಟು ನೋಡಿ, ಗುರುತು ಕೋಲಿಗಿಂತ ಕೆಂಪು ಮಣ್ಣಿನಲ್ಲಿ 3 ಸೆಂ.ಮೀ., ಜಿಗುಟು ಮಣ್ಣಿನಲ್ಲಿ 5–7 ಸೆಂ.ಮೀ. ಮೇಲಿರಲಿ. ತೆಗೆದ ಮಣ್ಣನ್ನೇ ಅರ್ಧ ತುಂಬಿ, ನೀರು ಹಾಕಿ ಕೂರಿಸಿ, ಉಳಿದರ್ಧ ತುಂಬಿ. ಕಾಲಿನಿಂದ ತುಳಿಯಬೇಡಿ. ಗೊಬ್ಬರ ಮೇಲ್ಗಡೆ, ಕಾಂಡದಿಂದ ಗೇಣು ದೂರದಲ್ಲಿ.

ದೊಡ್ಡ ಗುಂಡಿ ಈಗಾಗಲೇ ತೆಗೆದಿದ್ದರೆ ತುಂಬಿಸಿ, ಎರಡು ಮೂರು ಸಲ ಚೆನ್ನಾಗಿ ನೀರು ಕಟ್ಟಿ, ಮೂರು ವಾರ ಕುಸಿಯಲು ಬಿಟ್ಟು ಆಮೇಲೆ ನೆಡಿ.

ಸೊಪ್ಪಿನಬೆಟ್ಟ

ಈ ತಪ್ಪು ನಮ್ಮಲ್ಲಿ ಇಷ್ಟು ಸಾಮಾನ್ಯ ಯಾಕೆ ಅನ್ನುವುದಕ್ಕೆ ಕಾರಣ ಬೇಸಾಯದಲ್ಲೇ ಇದೆ. ಶುಂಠಿ, ಆಲೂಗಡ್ಡೆ, ಕಬ್ಬು, ಬಾಳೆ, ಎಲ್ಲಕ್ಕೂ ಬುಡಕ್ಕೆ ಮಣ್ಣೇರಿಸುತ್ತೇವೆ. ಅಡಿಕೆ ತೋಟದಲ್ಲಿ ಬುಡಕ್ಕೆ ಹೊಸ ಮಣ್ಣು, ಸೊಪ್ಪು, ದರಕು ಹಾಕುವುದು ಮಲೆನಾಡಿನ ಹಳೆಯ ಪದ್ಧತಿ, ಮತ್ತು ಅಲ್ಲಿ ಅದು ಸರಿಯೇ. ಅಡಿಕೆ, ತೆಂಗು ತಾಳೆ ಜಾತಿಯವು. ಕಾಂಡದ ಬುಡದಿಂದಲೇ ಹೊಸ ಬೇರು ಬಿಡುತ್ತಾ ಇರುತ್ತವೆ, ಆ ಬೇರಿಗೆ ಮಣ್ಣು ಬೇಕು. ಅವುಗಳಲ್ಲಿ ಮರಜಾತಿಯ ಹಾಗೆ ತೊಗಟೆಯ ಕೆಳಗೆ ಜೀವಪದರದ ಉಂಗುರ ಇಲ್ಲ. ದಾಸವಾಳ, ಇಕ್ಸೋರಾಗಳಲ್ಲಿ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದೇ ತೊಗಟೆಯ ಒಳಪದರದಲ್ಲಿ. ಆ ಪದರ ಬುಡದಲ್ಲಿ ಸುತ್ತಲೂ ಕೊಳೆತರೆ ಬೇರು ಉಪವಾಸ ಬೀಳುತ್ತದೆ. ಮೇಲಿನ ಎಲೆ ಕೆಲವು ತಿಂಗಳು ಹಸಿರಾಗೇ ಇರುವುದರಿಂದ ಗೊತ್ತಾಗುವುದಿಲ್ಲ.

ಕಾಳುಮೆಣಸು ಬೆಳೆಯುವವರಿಗೆ ಈ ಭಯ ಚೆನ್ನಾಗಿ ಗೊತ್ತು. ಸೊರಗು ರೋಗ ತರುವುದೂ ಫೈಟಾಫ್ತೊರಾವೇ, ಮಳೆಗಾಲದಲ್ಲಿ ಬಳ್ಳಿಯ ಬುಡದಲ್ಲಿ ನೀರು ನಿಲ್ಲಬಾರದು ಅಂತ ಬಸಿಗಾಲುವೆ ತೆಗೆಯುವುದು ಅದಕ್ಕೇ.

ತರಗೆಲೆ

ಈಗ ಮಲ್ಚಿಂಗ್, ಅಂದರೆ ಗಿಡದ ಸುತ್ತಲಿನ ನೆಲಕ್ಕೆ ಒಣಎಲೆ, ಚಕ್ಕೆಯ ಮುಚ್ಚಿಗೆ ಹೊದಿಸುವುದು. ಮುಚ್ಚಿಗೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಬೇಸಿಗೆಯ ಬಿಸಿ ತಡೆಯುತ್ತದೆ, ಕಳೆ ತಡೆಯುತ್ತದೆ, ಮಳೆಹನಿ ಮಣ್ಣನ್ನು ಗಟ್ಟಿ ಮಾಡದಂತೆ ಕಾಯುತ್ತದೆ. ಕೆಡುವುದು ದಪ್ಪದಲ್ಲಿ ಮತ್ತು ಜಾಗದಲ್ಲಿ.

ದಪ್ಪ: ಒರಟು ಮರದ ಚಕ್ಕೆ, ತೆಂಗಿನ ಸಿಪ್ಪೆಯ ತುಂಡು 5–8 ಸೆಂ.ಮೀ. ಕಳೆ ಜೋರಿದ್ದರೆ ಒರಟು ಚಕ್ಕೆ 10ರವರೆಗೂ ನಡೆಯುತ್ತದೆ. ಕೋಕೋಪಿಟ್, ಗರಗಸದ ಪುಡಿ, ಭತ್ತದ ಹೊಟ್ಟಿನಂಥ ನುಣ್ಣನೆಯದು 2–3 ಸೆಂ.ಮೀ.ಗೆ ನಿಲ್ಲಿಸಿ, ಅವು ಒತ್ತಿಕೊಂಡು ಗಾಳಿ ಕಟ್ಟುತ್ತವೆ. ಹೊಂಗೆ, ಮಳೆಮರದ ಒಣಎಲೆ ಹಾಕುವಾಗ 10–12 ಸೆಂ.ಮೀ. ಕಂಡರೂ ಎರಡು ಮಳೆಗೆ ಅರ್ಧವಾಗುತ್ತದೆ. ಕಬ್ಬಿನ ರವದಿಯನ್ನು ಗೇಣುದ್ದಕ್ಕೆ ಕತ್ತರಿಸಿ ಹಾಕಿ, ಉದ್ದ ಬಿಟ್ಟರೆ ಕಾಂಡಕ್ಕೆ ಸುತ್ತಿಕೊಳ್ಳುತ್ತದೆ.

ಜಾಗ: ಕಾಂಡದ ಸುತ್ತ ನಾಲ್ಕು ಬೆರಳು, ಅಂದರೆ 7–10 ಸೆಂ.ಮೀ. ಬರಿ ನೆಲ ಕಾಣಬೇಕು. ಆಕಾರ ತಟ್ಟೆಯ ಹಾಗೆ, ಗುಡ್ಡದ ಹಾಗಲ್ಲ.

ಎಷ್ಟು ಬೇಕು ಅನ್ನುವ ಲೆಕ್ಕ ಮೊದಲೇ ಹಾಕಿದರೆ ಪೇರಿಸುವ ಪ್ರಶ್ನೆ ಬರುವುದಿಲ್ಲ. ಒಂದು ಮೀಟರ್ ಅಡ್ಡಳತೆಯ ವೃತ್ತಕ್ಕೆ 5 ಸೆಂ.ಮೀ. ದಪ್ಪಕ್ಕೆ ಸುಮಾರು 39 ಲೀಟರ್, ಸಿಮೆಂಟ್ ಚೀಲದಲ್ಲಿ ಒಂದು ಚೀಲಕ್ಕಿಂತ ತುಸು ಹೆಚ್ಚು. ಹತ್ತು ಮೀಟರ್ ಬೇಲಿಗೆ 60 ಸೆಂ.ಮೀ. ಅಗಲ ಹಿಡಿದರೆ 300 ಲೀಟರ್. ಮುಂದಿನ ವರ್ಷ ಅಷ್ಟನ್ನೇ ಮತ್ತೆ ಸುರಿಯಬೇಡಿ. ಇರುವುದನ್ನು ಅಳೆದು, ಕಡಿಮೆ ಬಿದ್ದಷ್ಟು ಮಾತ್ರ ಸೇರಿಸಿ. ಅಂದ ಕಾಣಲಿ ಅಂತ ಪ್ರತಿ ವರ್ಷ ಹೊಸ ಪದರ ಹೊದಿಸುವ ಜಾಗಗಳಲ್ಲಿ ಮೂರು ನಾಲ್ಕು ವರ್ಷಕ್ಕೆ 15–20 ಸೆಂ.ಮೀ. ಆಗಿಬಿಡುತ್ತದೆ.

ದಪ್ಪ ಮುಚ್ಚಿಗೆಯ ಕೆಳಗೆ ಕೈ ಹಾಕಿ ನೋಡಿ. ಮೇಲೆ ಒಣಗಿದ ಚಕ್ಕೆ, ಎರಡು ಬೆರಳು ಕೆಳಗೆ ಬಿಳಿ ಶಿಲೀಂಧ್ರದ ಎಳೆಗಳು ಹೆಣೆದ ಚಾಪೆಯಂಥ ಪದರ, ಅದರಡಿ ಪುಡಿಪುಡಿ ಒಣ ಮಣ್ಣು. ಆ ಚಾಪೆ ಒಣಗಿದರೆ ನೀರನ್ನು ಹೀರುವುದಿಲ್ಲ, ಹನಿಗಳು ಮಣಿಯಂತೆ ಉರುಳಿ ಬದಿಗೆ ಹೋಗುತ್ತವೆ. ತುಂತುರು ಮಳೆ ಮಣ್ಣು ಮುಟ್ಟುವುದೇ ಇಲ್ಲ. ಇನ್ನೊಂದು ಕಡೆ ಒದ್ದೆ ಇರುವಲ್ಲಿ ಬೇರು ಮೇಲಕ್ಕೆ, ಮುಚ್ಚಿಗೆಯೊಳಕ್ಕೇ ಬೆಳೆದಿರುತ್ತದೆ. ಏಪ್ರಿಲ್ ಬಿಸಿಲಿಗೆ ಆ ಬೇರು ಒಂದು ವಾರ ತಾಳುವುದಿಲ್ಲ.

ಕರಾವಳಿಹಸಿರು

ನಮ್ಮ ಕಡೆ ಮಳೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು. ಇಲ್ಲಿ ಮಲ್ಚ್ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು. ನವೆಂಬರ್‌ನಿಂದ ಮೇವರೆಗೆ ಇರಲಿ. ಜೂನ್ ಮೊದಲ ವಾರ ಕಾಂಡದಿಂದ ಒಂದೂವರೆ ಗೇಣು ದೂರ ಎಳೆದು ತೆಳ್ಳಗೆ ಹರಡಿ. ಮಳೆಗಾಲದಲ್ಲಿ ದಪ್ಪ ಮುಚ್ಚಿಗೆ ಆಫ್ರಿಕನ್ ದೈತ್ಯ ಬಸವನಹುಳುವಿಗೆ ಅರಮನೆ: ಹಗಲು ಅದರಡಿ ಅಡಗಿ ರಾತ್ರಿ ತೊಗಟೆ, ಚಿಗುರು ಕೆರೆಯುತ್ತದೆ.

ತರಗೆಲೆ

ಸರಿ. ಒಣ ಸೀಮೆಯಲ್ಲಿ ಅದೇ ಜಾಗಕ್ಕೆ ಗೆದ್ದಲು. ಗೆದ್ದಲಿಗೆ ಮುಚ್ಚಿಗೆ ಊಟ, ಕಾಂಡಕ್ಕೆ ತಾಗಿದ್ದರೆ ತೊಗಟೆಗೆ ಹತ್ತುವ ಮರೆ. ನಾಲ್ಕು ಬೆರಳು ಬರಿ ನೆಲ ಇದ್ದರೆ ಮಣ್ಣಿನ ಗೂಡುದಾರಿ ಕಾಂಡದ ಮೇಲೆ ಶುರುವಾದ ದಿನವೇ ಕಣ್ಣಿಗೆ ಬೀಳುತ್ತದೆ, ಒರೆಸಿ ಹಾಕಬಹುದು.

ಹಸಿ ಹುಲ್ಲಿನ ಕತ್ತರಿಕೆ ದಪ್ಪಗೆ ಹಾಕಿದರೆ ಕಾವು ಏರುತ್ತದೆ. ಒಂದು ಬೆರಳು ದಪ್ಪ ಹರಡಿ, ಒಣಗಿದ ಮೇಲೆ ಇನ್ನೊಂದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ, ಇಲ್ಲವೇ ದೊಡ್ಡ ರಾಶಿಯ ಒಳಗಿನಿಂದ ತೆಗೆದ ಒದ್ದೆ ಚಕ್ಕೆ ಹುಳಿ ವಾಸನೆ ಹೊಡೆದರೆ ಹಾಕಲೇಬೇಡಿ. ಗಾಳಿಯಿಲ್ಲದೆ ಕೊಳೆತಾಗ ಅದರಲ್ಲಿ ವಿನೆಗರ್‌ನ ಆಮ್ಲ ಸೇರಿರುತ್ತದೆ, ಒಂದೇ ದಿನದಲ್ಲಿ ಕೆಳಗಿನ ಎಲೆ ಸುಟ್ಟ ಹಾಗಾಗಬಹುದು. ನೆಲದ ಮೇಲೆ ಹರಡಿ, ತಿರುವಿ, ವಾಸನೆ ಹೋಗುವವರೆಗೆ ಬಿಡಿ. ಕೋಕೋಪಿಟ್, ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ನೀರಲ್ಲಿ ತೊಳೆದು ಬಳಸಿ.

ಹೂಬೇಲಿ

ಮರದ ಚಕ್ಕೆ ಸಾರಜನಕ ಕದಿಯುತ್ತದೆ, ಅದಕ್ಕೇ ಎಲೆ ಹಳದಿ ಅನ್ನುತ್ತಾರಲ್ಲ?

ತರಗೆಲೆ

ಮಣ್ಣಿಗೆ ಬೆರೆಸಿದರೆ ಹೌದು. ಮೇಲೆ ಹರಡಿದರೆ ಚಕ್ಕೆ ಮಣ್ಣಿಗೆ ತಾಗುವ ತೆಳು ಪದರದಲ್ಲಿ ಮಾತ್ರ. ಬೇರು ಇಳಿದ ಪೊದೆಗಿಡಕ್ಕೆ ಅದರಿಂದ ಏನೂ ಆಗುವುದಿಲ್ಲ. ಹಳದಿಗೆ ಕಾರಣ ಬುಡದಲ್ಲಿ ಹುಡುಕಿ.

ಕೆಂಪುಗೋಡು

ಪಾತಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಪಾತಿ ಬಟ್ಟಲಿನಾಕಾರ, ನಡುವೆ ಕಾಂಡ. ನೀರು ಕಾಂಡದ ಸುತ್ತ ನಿಲ್ಲುತ್ತದೆ, ಪ್ರತಿ ಸಲವೂ ಒಂದು ಪದರ ಮೆಕ್ಕಲು ಬುಡದ ಮೇಲೆ ಬಿಟ್ಟು ಇಂಗುತ್ತದೆ. ಸರಿಯಾಗಿ ನೆಟ್ಟ ಗಿಡವೂ ಹೀಗೆ ಹೂತುಹೋಗುತ್ತದೆ. ಕಿತ್ತಳೆ, ನಿಂಬೆಯಲ್ಲಿ ಅಂಟು ಸೋರುವ ರೋಗ ತಡೆಯಲು ಎರಡು ಉಂಗುರದ ಪಾತಿ ಹೇಳುತ್ತಾರೆ, ಹೂಗಿಡಕ್ಕೂ ಅದನ್ನೇ ಮಾಡಿ. ಕಾಂಡದಿಂದ 15–20 ಸೆಂ.ಮೀ. ದೂರಕ್ಕೆ ಒಳಬದು, ಅದರಾಚೆ ಉಂಗುರದಂಥ ಕಾಲುವೆ, ಹೊರಬದು. ಒಳಬದುವಿನೊಳಗೆ ನೀರು ಹೋಗಬಾರದು, ಬದುವಿನ ಮಣ್ಣು ಕಾಂಡದ ಕಡೆ ಜಾರಬಾರದು. ಹನಿ ನೀರಾವರಿ ಇದ್ದರೆ ಡ್ರಿಪ್ಪರ್ ಅನ್ನು ಮೊದಲ ಎರಡು ತಿಂಗಳ ನಂತರ ಉಂಡೆಯ ಅಂಚಿಗೆ, ವರ್ಷದ ಮೇಲೆ 30 ಸೆಂ.ಮೀ. ದೂರಕ್ಕೆ ಸರಿಸಿ.

ಗುಲಾಬಿಕಸಿ

ಗುಲಾಬಿಯ ಕಣ್ಣುಕಸಿ ಗಂಟು (ಬೇರುಗಿಡಕ್ಕೆ ಕಸಿ ಕೂಡಿಸಿದ ಜಾಗ) ಮಣ್ಣಿನೊಳಗಿರಬೇಕು ಅನ್ನುವ ವಿಡಿಯೊಗಳು ಹಿಮ ಬೀಳುವ ದೇಶಗಳವು. ಅಲ್ಲಿ ಚಳಿಗೆ ಕಸಿ ಸಾಯದಿರಲಿ ಅಂತ ಹೂಳುತ್ತಾರೆ. ಇಲ್ಲಿ ಆ ಕಾರಣವೇ ಇಲ್ಲ. ಗಂಟು ಮಣ್ಣಿಗಿಂತ 5 ಸೆಂ.ಮೀ. ಮೇಲಿರಲಿ. ಹೂತರೆ ಬೇರುಗಿಡದ ಚಿಗುರು ಯಾವುದು, ಕಸಿಯ ಚಿಗುರು ಯಾವುದು ಅಂತ ಗುರುತಿಸಲೂ ಆಗುವುದಿಲ್ಲ.

ಎರೆಹೊಲ

ನೆಡುವಾಗಲೇ ಉಂಡೆಯ ಮಣ್ಣನ್ನೆಲ್ಲ ತೊಳೆದು ಬರಿಬೇರು ಮಾಡಿ ನೆಡುವ ಬಗ್ಗೆ ಏನನ್ನುತ್ತೀರಿ? ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ತೋಟಗಾರಿಕೆ ತಜ್ಞೆ ಲಿಂಡಾ ಚಾಕರ್-ಸ್ಕಾಟ್ ಇದನ್ನು ಬಲವಾಗಿ ಹೇಳುತ್ತಾ ಬಂದಿದ್ದಾರೆ. ಸುತ್ತಿದ ಬೇರು, ಹೂತ ಬುಡ ಎಲ್ಲ ಒಂದೇ ಸಲ ಕಣ್ಣಿಗೆ ಬೀಳುತ್ತವೆ.

ಬುಡನೋಡು

ತರ್ಕ ಸರಿ. ಆದರೆ ಆ ಪ್ರಾಂತ್ಯದ ತಂಪು ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮಲ್ಲಿ ವರ್ಷವಿಡೀ ಎಲೆ ಹೊತ್ತಿರುವ ಇಕ್ಸೋರಾ, ಬೋಗನ್‌ವಿಲ್ಲಾಗಳ ಬೇರು ಬರಿದು ಮಾಡಿದರೆ ಬಿಸಿಲಲ್ಲಿ ಎಲೆ ಉದುರುತ್ತದೆ. ಬೋಗನ್‌ವಿಲ್ಲಾದ ಬೇರಂತೂ ಬಹಳ ಮುರುಕು. ಮೋಡ ಕವಿದ ಜೂನ್–ಜುಲೈಯಲ್ಲಿ, ಸಣ್ಣ ಗಿಡಕ್ಕೆ, ನೆರಳಲ್ಲಿ ಬೇಗ ಮುಗಿಸುವುದಾದರೆ ಮಾಡಬಹುದು. ಉಳಿದಂತೆ ಮೇಲಿನ ಐದು ಸೆಂ.ಮೀ. ಮತ್ತು ಹೊರಮೈ ಮಾತ್ರ ಕೆರೆದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗಾಗಲೇ ಹೂತ ಗಿಡಗಳಿಗೆ ಚಿಕಿತ್ಸೆ ಬರೆಯುತ್ತೇನೆ.

ಕಾಲ: ಒಳನಾಡಿನಲ್ಲಿ ಮಳೆಗಾಲದ ಆರಂಭ, ಕರಾವಳಿಯಲ್ಲಿ ಜೋರು ಮಳೆ ಮುಗಿದ ಮೇಲೆ. ಮಾರ್ಚ್–ಮೇ ಬೇಡ.

ನೆಟ್ಟು ಎರಡು ವರ್ಷದೊಳಗಿನ ಗಿಡವಾದರೆ, 8–10 ಸೆಂ.ಮೀ.ಗಿಂತ ಹೆಚ್ಚು ಹೂತಿದ್ದರೆ, ಉಂಡೆ ಸಮೇತ ಎತ್ತಿ ಮಟ್ಟಕ್ಕೆ ತಂದು ಮತ್ತೆ ನೆಡುವುದೇ ಒಳ್ಳೆಯದು. ಹಳೆಯದಾದರೆ ಬುಡ ಬಿಡಿಸಿ.

ಮೊದಲು ಮಲ್ಚ್ ಸರಿಸಿ. ಕಾಂಡದ ಹತ್ತಿರ ಗುದ್ದಲಿ ತರಬೇಡಿ. ಕುರ್ಪಿಯಿಂದ ಹೊರಗಿನಿಂದ ಒಳಕ್ಕೆ, ಕೊನೆಯ ಎರಡು ಬೆರಳು ಬಿದಿರಿನ ಕಡ್ಡಿ ಮತ್ತು ಕೈಬೆರಳಿನಿಂದ. ಮೊದಲ ದಪ್ಪ ಬೇರು ಕಂಡಲ್ಲಿಗೆ ನಿಲ್ಲಿಸಿ. ಸುತ್ತ 30–45 ಸೆಂ.ಮೀ. ಅಗಲಕ್ಕೆ ಇಳಿಜಾರು ಮಾಡಿ, ಮಳೆನೀರು ನಿಲ್ಲದಂತೆ ಒಂದು ಕಡೆ ಕಾಲುವೆ ಬಿಡಿ. ಮತ್ತೆ ತುಂಬಬೇಡಿ.

ತೊಗಟೆ ನೋಡಿ. ಕಂದು, ಗಟ್ಟಿ ಇದ್ದರೆ ಸರಿ. ಕಪ್ಪಾಗಿ, ಒತ್ತಿದರೆ ಉಗುರು ಇಳಿದು, ಹುಳಿ ವಾಸನೆ ಬಂದರೆ ಕೊಳೆ ಇದೆ. ಉಗುರಿನಿಂದ ಅರ್ಧ ಸೆಂ.ಮೀ. ಅಗಲದಷ್ಟು ಮೇಲ್ತೊಗಟೆ ಮಾತ್ರ ಕೆರೆದು ನೋಡಿ: ಕೆಳಗೆ ಹಸಿರು ಅಥವಾ ಕೆನೆ ಬಣ್ಣ ಇದ್ದರೆ ಜೀವ ಇದೆ, ಕಂದು ಇದ್ದರೆ ಸತ್ತಿದೆ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಸತ್ತಿದ್ದರೆ ಗಿಡ ಉಳಿಸುವ ಶ್ರಮ ಬೇಡ. ದಾಸವಾಳವಾದರೆ ಆರೋಗ್ಯವಾಗಿರುವ ರೆಂಬೆಯಿಂದ ಕಡ್ಡಿ ಹಾಕಿ.

ಕಡಿಮೆ ಇದ್ದರೆ ಕೊಳೆತ ಭಾಗ ತೆಗೆದು ಗಾಳಿಗೆ ಒಣಗಲು ಬಿಡಿ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬೆರೆಸಿ ಬುಡ ತೊಯ್ಯುವಂತೆ ಹಾಕಬಹುದು. ಟ್ರೈಕೋಡರ್ಮ (ರೋಗಾಣು ತಡೆಯುವ ಉಪಕಾರಿ ಶಿಲೀಂಧ್ರ) ಕೊಡುವುದಾದರೆ ಅದರ ಜೊತೆಯಲ್ಲಿ ಬೇಡ, ತಾಮ್ರ ಅದನ್ನೂ ಕೊಲ್ಲುತ್ತದೆ, ಎರಡು ಮೂರು ವಾರ ಬಿಡಿ. ಬುಡ ಬಿಡಿಸದೆ ಔಷಧಿ ಮಾತ್ರ ಸುರಿದರೆ ಪ್ರಯೋಜನ ಇಲ್ಲ.

ಹೂಬೇಲಿ

ಹೂತ ಕಾಂಡದಿಂದ ಹೊಸ ಬೇರು ಬಂದಿದ್ದರೆ ಅದನ್ನು ಕತ್ತರಿಸಬೇಕೆ?

ಬುಡನೋಡು

ಕೆಳಗಿನ ಮೂಲ ಬೇರು ಗಟ್ಟಿ ಇದ್ದರೆ ಮೇಲಿನ ಸಣ್ಣ ಬೇರುಗಳನ್ನು ಎರಡು ಕಂತಿನಲ್ಲಿ, ನಾಲ್ಕು ವಾರ ಬಿಟ್ಟು ಕತ್ತರಿಸಿ. ಕೆಳಗಿನವು ಕೊಳೆತು ಮೇಲಿನವೇ ದಪ್ಪವಾಗಿದ್ದರೆ ಮುಟ್ಟಬೇಡಿ, ಗಿಡ ನಿಂತಿರುವುದು ಅವುಗಳ ಮೇಲೆಯೇ. ಅದನ್ನೇ ಹೊಸ ಮಟ್ಟ ಅಂತ ಇಟ್ಟುಕೊಂಡು ಅದರ ಮೇಲಿನ ಮಣ್ಣು ಮಾತ್ರ ತೆಗೆಯಿರಿ. ಕಾಂಡಕ್ಕೆ ಅಡ್ಡ ಸುತ್ತಿದ ಬೇರು ಕಾಂಡದ ಮೂರನೇ ಒಂದು ಭಾಗಕ್ಕಿಂತ ಸಣ್ಣದಿದ್ದರೆ ಒಂದೇ ಸಲ ತೆಗೆಯಬಹುದು.

ಆಮೇಲೆ ಗೊಬ್ಬರ ಬೇಡ, ಜೋರು ಪ್ರೂನಿಂಗ್ ಬೇಡ, ಒಣ ತುದಿ ಮಾತ್ರ ಕತ್ತರಿಸಿ. ಬೇರು ಮತ್ತೆ ಬೆಳೆಯಲು ಎಲೆ ಬೇಕು. ನೀರು ಹಾಕುವ ಮೊದಲು 10 ಸೆಂ.ಮೀ. ಆಳದ ಮಣ್ಣು ಕೈಯಲ್ಲಿ ಹಿಡಿದು ನೋಡಿ, ಉಂಡೆ ಕಟ್ಟಿದರೆ ಇವತ್ತು ನೀರು ಬೇಡ. ಹೊಸ ಚಿಗುರು ಎರಡು ಮೂರು ತಿಂಗಳಿಗೆ ಕಾಣಬೇಕು.

ಮೇಲ್ಮಾಳಿಗೆ

ಅಪಾರ್ಟ್‌ಮೆಂಟಿನ ಪೋಡಿಯಂ ಸ್ಲ್ಯಾಬ್ (ಕೆಳಮಹಡಿಯ ಕಾಂಕ್ರೀಟ್ ಚಾವಣಿ) ಮೇಲಿನ ಬೇಲಿ, 45 ಸೆಂ.ಮೀ. ಮಣ್ಣು, ಇಕ್ಸೋರಾ ಸುಮಾರು 200 ಗಿಡ. ಸಾಲಾಗಿ ಚರಂಡಿ ತೆಗೆದು ನೆಟ್ಟಿದ್ದು, ಮೇಲೆ ಒಂದು ಗೇಣು ಚಕ್ಕೆ. ಎಲ್ಲವನ್ನೂ ಕೈಯಲ್ಲಿ ಬಿಡಿಸುವುದು ಆಗುವ ಮಾತೇ?

ಎರೆಹೊಲ

ಮೊದಲ ದಿನ ಎಲ್ಲ ಗಿಡದಿಂದಲೂ ಚಕ್ಕೆ ಮಾತ್ರ ಎಳೆಯಿರಿ, ಇಬ್ಬರು ಒಂದು ದಿನದಲ್ಲಿ ಮುಗಿಸಬಹುದು. ಆಮೇಲೆ ಪ್ರತಿ ಹತ್ತನೇ ಗಿಡಕ್ಕೆ ಕಂಬಿ ಇಳಿಸಿ ಆಳ ಬರೆದುಕೊಳ್ಳಿ. ಇಳಿಜಾರಿನ ಕೆಳತುದಿ ಮತ್ತು ನೀರಿಳಿಯುವ ಪೈಪಿನ ಬಾಯಿಯ ಹತ್ತಿರದವು ಸಾಮಾನ್ಯವಾಗಿ ಹೆಚ್ಚು ಕೆಟ್ಟಿರುತ್ತವೆ. ಆ ಕೊನೆಯಿಂದ ಶುರು ಮಾಡಿ. ಪೈಪಿನ ಬಾಯಿ ಬೇರು, ಮೆಕ್ಕಲಿನಿಂದ ಕಟ್ಟಿದೆಯೇ ಅಂತ ಮೊದಲು ನೋಡಿ. ಕಟ್ಟಿದ್ದರೆ 45 ಸೆಂ.ಮೀ. ಮಣ್ಣಿನ ಕೆಳಭಾಗ ಸದಾ ಒದ್ದೆ, ಬುಡ ಬಿಡಿಸಿದರೂ ಬೇರು ಕೊಳೆಯುವುದು ನಿಲ್ಲದು.

ಕೆಂಪುಗೋಡು

ಬೇಲಿಯಲ್ಲಿ ಗಿಡಗಿಡಕ್ಕೆ ಬೇರೆ ತಗ್ಗು ಮಾಡಿದರೆ ಪ್ರತಿಯೊಂದರಲ್ಲೂ ನೀರು ನಿಲ್ಲುತ್ತದೆ. ಸಾಲಿನ ಉದ್ದಕ್ಕೂ 40 ಸೆಂ.ಮೀ. ಅಗಲದ ಪಟ್ಟಿಯ ಮೇಲ್ಮಣ್ಣನ್ನು ಒಂದೇ ಮಟ್ಟಕ್ಕೆ ಇಳಿಸಿ, ಪೈಪಿನ ಕಡೆಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಡಿ. ತೆಗೆದ ಚಕ್ಕೆಯಲ್ಲಿ 5 ಸೆಂ.ಮೀ. ಆಗುವಷ್ಟನ್ನು ಪಟ್ಟಿಯ ಎರಡು ಅಂಚಿಗೆ ಮಾತ್ರ ಹರಡಿ, ಉಳಿದದ್ದು ಕಾಂಪೋಸ್ಟ್‌ಗೆ. ಅಕ್ಟೋಬರ್ ಮಳೆ ಮುಗಿದ ಮೇಲೆ ಅದೇ ಹತ್ತನೇ ಗಿಡಗಳಿಗೆ ಮತ್ತೆ ಕಂಬಿ ಇಳಿಸಿ. ಮಳೆಯಲ್ಲಿ ಅಂಚಿನ ಮಣ್ಣು ಜಾರಿ ಬುಡದ ಮೇಲೆ ಬಂದಿದ್ದರೆ ಆಗಲೇ ತೆಗೆದುಬಿಡಿ.